ದುರ್ಗದಿಂದ ಕಡಲಿಗೆ ಎಷ್ಟು ರೀಲು?

ಗೆಳೆಯರೇ, ಈ ವಾರ ಯಾವ ತಾರೆಯ ಮದುವೆ ಸುದ್ದಿಯೂ ಇಲ್ಲ. ಯಾವ ಹೀರೋ ಯಾವ ನಿರ್ಮಾಪಕರ ಮೇಲೆ ಮುನಿಸಿಕೊಂಡರು ಅನ್ನೋ ಗುಸುಗುಸುವೂ ಇಲ್ಲ. ನಾನು ಗಾಂಧಿನಗರದ ಕಡೆ ತಲೆ ಹಾಕಿ ಹದಿನೈದು ದಿನ ಆಯಿತು. ಬೈಯಬೇಡಿ, ಕಾರಣ ಇದೆ. ಈ ಹದಿನೈದು ದಿನ ನಾನೇ ಒಂದು ಪಿಕ್ಚರಿನ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದೆ! ತಾರಾಗಣ 11 ಜನ. ಹೊರಾಂಗಣ ಮುರುಡೇಶ್ವರ. ಕಾಲ್‌ಷೀಟು ಮೂರು ದಿನ. ಬಂಡವಾಳ, ಅಮ್ಮ ಎತ್ತಿದ ಚೀಟಿ ದುಡ್ಡು 40 ಸಾವಿರ. ಹೀರೋ ನಮ್ಮಪ್ಪ, ವಯಸ್ಸು 67. ವಿಲನ್ ಯಾರು ಅಂತೀರಾ? ನಮ್ಮ ಭಾವ, ಹೊಸದುರ್ಗದವರು. ಅವರೂ ಈ ಪತ್ರಿಕೆಯನ್ನ ಬಸ್‌ಸ್ಟ್ಯಾಂಡಿನಲ್ಲಿ ಕೊಂಡು ಓದೋರೇ. ಓದಿಕೊಳ್ಳಲಿ ಬಿಡಿ.

ಮೊದಲು ಹೀರೋ ಪರಿಚಯ. ನಮ್ಮಪ್ಪ ದುರ್ಗದ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಟಾಕೀಸಿನ ಹೆಸರು ಬೇಡ, ಈಗ ಅಲ್ಲಿ ಮದುವೆ ನಡೆಯುತ್ತೆ. 1977ರಲ್ಲಿ ರೀಲು ಸುತ್ತೋ ಹುಡುಗನಾಗಿ ಒಳಗೆ ಹೋದವರು ಹೊರಗೆ ಬಂದಿದ್ದು ಡಿಜಿಟಲ್ ಪೆಟ್ಟಿಗೆ ಬಂದು ಅವರ ಕೆಲಸ ತಿಂದಾಗ. ಕಾರ್ಬನ್ ಕಡ್ಡಿ ಉರಿಯೋ ಕಾಲ ಅದು. ಕ್ಯಾಬಿನ್ ಅಂದರೆ ಅಡಿಗೆಮನೆಗಿಂತ ಸೆಕೆ. ಎರಡು ಸಾವಿರ ಅಡಿ ರೀಲು ಇಪ್ಪತ್ತೆರಡು ನಿಮಿಷಕ್ಕೆ ಮುಗಿಯುತ್ತೆ, ಅಷ್ಟರಲ್ಲಿ ಪಕ್ಕದ ಮೆಷೀನಿಗೆ ಮುಂದಿನದು ಏರಿಸಿ ಕಾದಿರಬೇಕು. ಒಂದು ಕ್ಷಣ ತಡ ಆದರೆ ಗಾಂಧಿಕ್ಲಾಸಿನಿಂದ ಸಿಳ್ಳೆ, ಆಮೇಲೆ ಅಪ್ಪನ ಅಪ್ಪನಿಗೆಲ್ಲ ಮಂಗಳಾರತಿ. ಅಷ್ಟು ವರ್ಷ ಈ ಮನುಷ್ಯ ಪ್ರಪಂಚ ನೋಡಿದ್ದು ಒಂದು ಅಂಗೈ ಅಗಲದ ಕಿಂಡಿಯಲ್ಲಿ.

ಕಡಲನ್ನೂ ಹಾಗೇ ನೋಡಿದ್ದು. 'ಗೋವಾದಲ್ಲಿ ಸಿ.ಐ.ಡಿ. 999' 1968ರದು, ಅದು ಬೆಳಗಿನ ಆಟಕ್ಕೆ ಮತ್ತೆ ಮತ್ತೆ ಬರೋದಂತೆ. 1981ರ 'ಏಕ್ ದೂಜೆ ಕೇ ಲಿಯೇ' ಓಡಿಸುವಾಗ ದಿನಕ್ಕೆ ನಾಲ್ಕು ಸಲ ಗೋವಾದ ಬಂಡೆ, ಗೋವಾದ ಅಲೆ. ಭಾಷೆ ಅರ್ಥ ಆಗದಿದ್ದರೂ ಅಲೆ ಅರ್ಥ ಆಗುತ್ತಲ್ಲ! ಒಂದೇ ಅಲೆಯನ್ನ ನೂರಾರು ಸಲ ನೋಡಿದ್ದಾರೆ. ಅದು ಎಲ್ಲಿ ಒಡೆಯುತ್ತೆ, ನೊರೆ ಎಲ್ಲಿವರೆಗೆ ಬರುತ್ತೆ, ಕೈ ಬೆರಳಲ್ಲಿ ತೋರಿಸಬಲ್ಲರು. ಕಾಲು ಮಾತ್ರ ಒಂದು ದಿನವೂ ಒದ್ದೆ ಆಗಿಲ್ಲ.

ಯಾಕೆ ಹೋಗಲಿಲ್ಲ ಅಂತ ಕೇಳಬೇಡಿ. ಟಾಕೀಸಿಗೆ ರಜೆ ಅಂತ ಒಂದಿದೆಯೇ? ಊರಿಗೆಲ್ಲ ಹಬ್ಬ ಇದ್ದ ದಿನವೇ ಅಪ್ಪನಿಗೆ ಐದನೇ ಆಟ.

ಈ ಆಸೆ ಬಾಯಿಗೆ ಬಂದಿದ್ದು 2022ರಲ್ಲಿ. ಆ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ತುಂಬಿತು. ಬೇರೆ ಜಿಲ್ಲೆಯವರಿಗೆ ಒಂದು ಮಾತು: ಹಿರಿಯೂರು ತಾಲೂಕಿನಲ್ಲಿ ವೇದಾವತಿಗೆ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರಕ್ಕೆ ನಾವು ಮಾರಿಕಣಿವೆ ಅಂತೀವಿ. ಮೈಸೂರು ಸರ್ಕಾರ 1898ರಲ್ಲಿ ಕೈ ಹಾಕಿ 1907ರಲ್ಲಿ ಮುಗಿಸಿದ ಕಟ್ಟೆ. 130 ಅಡಿ, 30 ಟಿಎಂಸಿ. ಕೋಡಿ ಬಿದ್ದಿದ್ದು 1933ರಲ್ಲಿ ಒಂದು ಸಲ, ಆಮೇಲೆ 89 ವರ್ಷ ಸುಮ್ಮನೆ. 2022ರಲ್ಲಿ ಮತ್ತೆ ಬಿತ್ತು ನೋಡಿ, ಮೂರು ಜಿಲ್ಲೆಯ ಜನ ನುಗ್ಗಿದರು. ಟ್ರಾಕ್ಟರು, ಟೆಂಪೋ, ಬೈಕಿನ ಮೇಲೆ ನಾಲ್ಕು ಜನ... ಅಣ್ಣಾವ್ರ ಪಿಕ್ಚರಿನ ಮೊದಲ ದಿನದ ಹಾಗೆ! 2025ರ ಜನವರಿಯಲ್ಲಿ ಮತ್ತೂ ಒಂದು ಸಲ ಬಿತ್ತು. ನಮ್ಮ ಜಿಲ್ಲೆಗೆ ಕಡಲಿಲ್ಲ ನಿಜ, ಹೆಸರಿಗೆ ಒಂದು ಸಾಗರ ಇದೆ ಅಂತ ನಾವು ಎದೆ ಉಬ್ಬಿಸೋದು ಇದನ್ನೇ ನೋಡಿ.

ಅಪ್ಪನನ್ನ ಅಲ್ಲಿಗೆ ಕರಕೊಂಡು ಹೋಗಿದ್ದೆ. ಕಟ್ಟೆ ಮೇಲೆ ನಿಂತು ಹತ್ತು ನಿಮಿಷ ನೋಡಿದರು. ಕಣ್ಣಿಗೆ ಕೈ ಅಡ್ಡ ಹಿಡಿದು ಆ ಕಡೆ, ಈ ಕಡೆ.

"ಚೆನ್ನಾಗೈತೆ ಕಣೋ. ಆದ್ರೆ ಆಚೆ ದಡ ಕಾಣುತ್ತೆ" ಅಂದರು.

ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ. ಅಮ್ಮ ಮಾತ್ರ ಮಾರನೇ ತಿಂಗಳಿಂದ ಒಂದು ಚೀಟಿ ಹಾಕೋಕೆ ಶುರು ಮಾಡಿದಳು. ಯಾತಕ್ಕೆ ಅಂತ ಮೂರು ವರ್ಷ ಯಾರಿಗೂ ಹೇಳಲಿಲ್ಲ.

* * *

ಚೀಟಿ ಕೈಗೆ ಬಂದಿದ್ದೇ ತಡ, ದುರ್ಗದ ನಮ್ಮ ಮನೆಯಲ್ಲಿ ಕುಟುಂಬ ಸಭೆ. ಹಿರಿಯೂರಿನಿಂದ ಚಿಕ್ಕಪ್ಪ, ಚಿಕ್ಕಮ್ಮ. ಹೊಳಲ್ಕೆರೆಯಿಂದ ದೊಡ್ಡಪ್ಪ, ದೊಡ್ಡಮ್ಮ. ಹೊಸದುರ್ಗದಿಂದ ಅಕ್ಕ, ಭಾವ, ಅವರ ಎರಡು ಪಟಾಕಿ. ಅಪ್ಪ, ಅಮ್ಮ, ನಾನು. ಚಿತ್ರಾನ್ನ, ಮೆಣಸಿನಕಾಯಿ ಬೋಂಡ ಮುಗಿಯೋ ಹೊತ್ತಿಗೆ ಊರು ಯಾವುದು ಅನ್ನೋದು ತೀರ್ಮಾನ ಆಗಿತ್ತು. ಮುರುಡೇಶ್ವರ. ದೇವರೂ ಆಯಿತು, ಕಡಲೂ ಆಯಿತು. ಬರೀ ಕಡಲು ಅಂದರೆ ದೊಡ್ಡಮ್ಮ ಬರೋದಿಲ್ಲ, ಬರೀ ದೇವರು ಅಂದರೆ ಮಕ್ಕಳು ಬರೋದಿಲ್ಲ.

ಆಗ ಭಾವ ಫೋನು ತೆಗೆದು ನಡುವೆ ಇಟ್ಟರು. ಪರದೆ ಮೇಲೆ ಹಸಿರು ಅಂದರೆ ಹಸಿರು, ಇಸ್ತ್ರಿ ಮಾಡಿದ ಹಾಗೆ ಹುಲ್ಲು, ನಡುವೆ ಒಂದು ಸಣ್ಣ ಬಾವುಟ.

"ಗಾಲ್ಫ್ ರೆಸಾರ್ಟು. ಇಳಿದರೆ ಇಂಥಾ ಕಡೆ ಇಳೀಬೇಕು" ಅಂದರು.

ಭಾವನಿಗೆ ಹೊಸದುರ್ಗದಲ್ಲಿ ತೆಂಗಿನಕಾಯಿ ಮಂಡಿ. ಮನಸ್ಸು ಎಳನೀರು, ಆದರೆ ಮಾತು ಮಾತ್ರ ಎಂಬತ್ತರ ದಶಕದ ಸಾಹುಕಾರ ಪಾತ್ರದ್ದು. ನಿಮಗೆ ಗೊತ್ತಲ್ಲ, ಹೀರೋಯಿನ್ನಿನ ಅಪ್ಪ... ಮೈಮೇಲೆ ರೇಷ್ಮೆ ಗೌನು, ಬಾಯಲ್ಲಿ ಪೈಪು, ಮೆಟ್ಟಿಲು ಇಳಿಯುತ್ತಾ 'ನಿನ್ನ ಬೆಲೆ ಎಷ್ಟು ಹೇಳು' ಅಂತ ಚೆಕ್‌ಬುಕ್ ತೆಗೆಯೋರು. ಅಂಥವರ ಹಾಲಿನ ಮೂಲೆಯಲ್ಲಿ ಒಂದು ಚೀಲದ ತುಂಬ ಗಾಲ್ಫ್ ಕೋಲು ಇರುತ್ತಿತ್ತು. ಯಾರೂ ಆಡಿದ್ದನ್ನ ನಾನು ಕಂಡಿಲ್ಲ. ಸಾಹುಕಾರ ಅಂತ ತೋರಿಸೋಕೆ ಅದೊಂದು ಪ್ರಾಪರ್ಟಿ.

ಮುರುಡೇಶ್ವರದಲ್ಲಿ ಗಾಲ್ಫ್ ಇರೋದು ನಿಜವೇ. ಅದೇ ಊರಿನಲ್ಲಿ 1928ರಲ್ಲಿ ಹುಟ್ಟಿ, ಕಂಟ್ರಾಕ್ಟರ್ ಆಗಿ ಬೆಳೆದು, 2020ರಲ್ಲಿ ತೀರಿಕೊಂಡ ಆರ್.ಎನ್. ಶೆಟ್ಟರು ಆ ಸಣ್ಣ ಊರಿನ ಚಹರೆಯನ್ನೇ ಬದಲು ಮಾಡಿದವರು. ದೇವಸ್ಥಾನ ಜೀರ್ಣೋದ್ಧಾರ, 20 ಅಂತಸ್ತಿನ ರಾಜಗೋಪುರ, ಶಿವಮೊಗ್ಗದ ಶಿಲ್ಪಿ ಕಾಶೀನಾಥ್ ಕೈಯಲ್ಲಿ ಎದ್ದ 123 ಅಡಿ ಶಿವ... ಇವೆಲ್ಲ ಅವರ ಕಾಲದ್ದು. ಅವರ ಬಳಗದ ಹೋಟೆಲು, ಗಾಲ್ಫ್ ರೆಸಾರ್ಟು ಎಲ್ಲ ಆಮೇಲೆ ಅಲ್ಲೇ ಬೆಳೆದವು. ಹಾಗಾಗಿ ಭಾವನ ಮಾತು ಗಾಳಿಮಾತಲ್ಲ. ಕಷ್ಟ ಇದ್ದಿದ್ದು ಒಂದೇ: ನಮ್ಮ 11 ಜನರಲ್ಲಿ ಗಾಲ್ಫ್ ಆಡೋರು ಯಾರು?

ಯಾರೂ ಇಲ್ಲ. ಭಾವ ಕೂಡ ಇಲ್ಲ.

ಚಿಕ್ಕಪ್ಪ ಫೋನನ್ನ ಕೈಗೆ ತಗೊಂಡು ಆ ಹುಲ್ಲನ್ನೇ ಸುಮಾರು ಹೊತ್ತು ನೋಡಿದರು. ಹಿರಿಯೂರಿನ ರೈತ, ಸಾವಿರ ಅಡಿ ಕೊರೆಸಿ ಧೂಳು ತೆಗೆದವರು.

"ಇದಕ್ಕೆ ದಿನಾ ನೀರು ಬಿಡ್ತಾರಾ?"

"ಬಿಡಬೇಕಲ್ಲ ಚಿಕ್ಕಪ್ಪ."

"ದನ ಮೇಯಿಸ್ತಾರಾ?"

"ಇಲ್ಲ."

"ಮತ್ತೆ?"

ಮತ್ತೆ ಏನು ಅಂತ ಹೇಳೋಕೆ ಭಾವನಿಗೂ ಬರಲಿಲ್ಲ, ನನಗೂ ಬರಲಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು, ಆದರೂ ಪತ್ರಕರ್ತ ಅಂತ ಚೀಟಿ ಅಂಟಿಸಿಕೊಂಡ ಮೇಲೆ ತಿಳಕೊಳ್ಳದೆ ಬಿಡೋದು ಹ್ಯಾಗೆ? ತಿಳಕೊಂಡೆ. ಆಟ ಇಷ್ಟೇ: ಗೋಲಿ ಆಡ್ತಾ ನೆಲದಲ್ಲಿ ಗುಳಿ ತೋಡ್ತಿದ್ವಲ್ಲ, ಅಂಥ 18 ಗುಳಿ, ದೂರ ದೂರ. ಬೆರಳಿಗೆ ಬದಲು ಕೋಲು. ಯಾರು ಕಡಿಮೆ ಏಟಿಗೆ ಎಲ್ಲ ಗುಳಿ ತುಂಬುತ್ತಾರೋ ಅವರು ಗೆದ್ದರು. ಇದು ಸ್ಕಾಟ್ಲೆಂಡಿನ ಕಡಲ ದಂಡೆಯಲ್ಲಿ ಬೆಳೆದ ಆಟ. ಅಲ್ಲಿ ಕಡಲಿಗೂ ಹೊಲಕ್ಕೂ ನಡುವೆ ಮರಳು ದಿಬ್ಬದ ನೆಲ ಇತ್ತು. ಉಳೋಕೆ ಬರೋದಿಲ್ಲ, ಕುರಿ ಮೇಯೋಕೆ ಸರಿ. ನಮ್ಮ ಗೋಮಾಳ ಇದ್ದ ಹಾಗೆ ಅನ್ನಿ. ಇವತ್ತಿಗೂ ಗಾಲ್ಫಿನ ಕಾಶಿ ಅನ್ನಿಸಿಕೊಂಡ ಸೇಂಟ್ ಆಂಡ್ರೂಸಿನ ಹಳೇ ಮೈದಾನ ಊರಿನ ಆಸ್ತಿಯೇ. ಭಾನುವಾರ ಆಟ ಬಂದ್. ಆವತ್ತು ಊರಿನ ಜನ ಮಕ್ಕಳು ಮರಿ ನಾಯಿ ಕಟ್ಟಿಕೊಂಡು ಆ ಹುಲ್ಲಿನ ಮೇಲೆ ವಾಕಿಂಗ್ ಹೋಗ್ತಾರೆ!

ಅಲ್ಲಿ ಮಳೆಯೇ ನೀರು ಬಿಡುತ್ತೆ. ಇಲ್ಲಿಗೆ ಬಂದ ಇಂಗ್ಲಿಷರು ಹುಲ್ಲಿಲ್ಲದ ಕಡೆಯೂ ಬಿಡಲಿಲ್ಲ ಅನ್ನಿ. ಬೆಂಗಳೂರಿನಲ್ಲಿ 1876ರಲ್ಲೇ ಗಾಲ್ಫ್ ಕ್ಲಬ್ಬು. 1885ರ ಕೋಲಾರ ಚಿನ್ನದ ಗಣಿ ಕ್ಲಬ್ಬಿನಲ್ಲೂ ಗಾಲ್ಫು. ಹೌದು ಸ್ವಾಮಿ, ನಮ್ಮ ರಾಕಿ ಭಾಯ್ ಕೆ.ಜಿ.ಎಫ್. ಅದೇ! 2018ರಲ್ಲಿ ನೀವೆಲ್ಲ ಸಿಳ್ಳೆ ಹೊಡೆದ ಧೂಳಿನ ಊರಿನಲ್ಲಿ ದೊರೆಗಳು ಸಂಜೆ ಕೋಲು ಹಿಡಿದು ಗುಳಿ ಹುಡುಕುತ್ತಿದ್ದರು. ಕೆಳಗೆ ಸುರಂಗದಲ್ಲಿ ಜನ.

ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆ. "ಭಾನುವಾರ ಬಿಡ್ತಾರಲ್ಲ, ಅದು ಒಳ್ಳೇದು" ಅಂದರು.

* * *

ಹೋಗಲಿ, ಭಾವನ ಸಮಾಧಾನಕ್ಕೆ ಕಡಲ ತೀರದ ಒಂದೆರಡು ರೆಸಾರ್ಟಿಗೆ ಫೋನ್ ಮಾಡಿದೆ. ಯಾವುದು ಅಂತ ಕೇಳಬೇಡಿ, ಎಲ್ಲ ಕಡೆಯೂ ಅದೇ ಕಥೆ. ಈ ಫೋನಿನಿಂದ ನಾನು ಕಲಿತಿದ್ದನ್ನ ನಿಮಗೂ ಹೇಳಿಬಿಡ್ತೀನಿ, ನಾಳೆ ನೀವೂ ಅಪ್ಪ ಅಮ್ಮನನ್ನ ಕರಕೊಂಡು ಹೋಗ್ತೀರಿ.

ಒಂದು ರೂಮು ಅಂದರೆ ಇಬ್ಬರು. ಮೂರನೆಯವರಿಗೆ ಹಾಸಿಗೆ, ಹಾಸಿಗೆಗೆ ಬೇರೆ ದುಡ್ಡು. ನಾವು ಛತ್ರದಲ್ಲಿ ಚಾಪೆ ಹಾಸಿ ಹತ್ತು ಜನ ಮಲಗೋ ಲೆಕ್ಕ ಅಲ್ಲಿ ನಡೆಯೋದಿಲ್ಲ. ಹೇಳಿದ ರೇಟಿನ ಮೇಲೆ ತೆರಿಗೆ ಬರುತ್ತೆ, ಕೇಳಿದರೆ ಮಾತ್ರ ಹೇಳ್ತಾರೆ. 'ಸೀ ವ್ಯೂ' ಅಂದರೆ ಹುಷಾರು! ಕಿಟಕಿಯಿಂದ ಕತ್ತು ಉದ್ದ ಮಾಡಿದರೆ ತೆಂಗಿನ ಗರಿ ಸಂದಿಯಲ್ಲಿ ಮಿಣುಕೋ ನೀಲಿಗೂ ಸೀ ವ್ಯೂ ಅಂತಲೇ ಹೆಸರು. ಕಂಬದ ಹಿಂದಿನ ಸೀಟಿಗೂ ಬಾಲ್ಕನಿ ಟಿಕೆಟ್ಟೇ ಕೊಡ್ತಾರಲ್ಲ, ಹಾಗೆ. ಕೇಳಬೇಕಾದ್ದು ಒಂದೇ ಮಾತು: ಮಂಚದ ಮೇಲೆ ಕೂತರೆ ಕಡಲು ಕಾಣುತ್ತಾ?

ಅಮ್ಮ ಪಕ್ಕದಲ್ಲಿ ಕೂತು ಕೇಳಿಸಿದಳು: "ನಿಮ್ಮಪ್ಪ ಪಂಚೆ ಉಡೋದು, ಊಟದ ಹಾಲಿಗೆ ಬಿಡ್ತಾರೇನೋ ಕೇಳು." ಕೇಳಿದೆ. ಆ ಕಡೆ ಇದ್ದ ಹುಡುಗಿ ನಕ್ಕು, "ಬನ್ನಿ ಸಾರ್, ಧಾರಾಳವಾಗಿ ಬರಲಿ. ಈಜುಕೊಳಕ್ಕೆ ಮಾತ್ರ ಸೀರೆ ಉಟ್ಟು ಇಳಿಯೋ ಹಾಗಿಲ್ಲ. ಗಾಲ್ಫ್ ಆಡೋದಾದರೆ ಕಾಲರ್ ಇರೋ ಟೀ ಷರ್ಟು, ಷೂ" ಅಂದಳು. ಅಕ್ಕನಿಗೂ ಚಿಕ್ಕಮ್ಮನಿಗೂ ಅಲ್ಲಿಗೆ ಈಜುಕೊಳ ಬಂದ್. ಭಾವ ಮಾತ್ರ ಆವತ್ತೇ ಸಂಜೆ ಕಾಲರ್ ಟೀ ಷರ್ಟು ಕೊಂಡರು.

ಲೆಕ್ಕ ಹಾಕಿದೆವು. 11 ಜನಕ್ಕೆ ಐದು ರೂಮು, ಎರಡು ರಾತ್ರಿ, ಊಟ ತಿಂಡಿ. ಅಮ್ಮನ ಚೀಟಿ ದುಡ್ಡು ಇಂಟರ್ವೆಲ್ಲಿಗೆ ಮುಂಚೆಯೇ ಖಾಲಿ. ಭಾವ ಒಂದು ನಿಮಿಷ ಸುಮ್ಮನಿದ್ದು, ಅಕ್ಕನ ಕೈ ಕಡೆ ನೋಡಿ, "ಎರಡು ಬಳೆ ಆರು ತಿಂಗಳು ಬ್ಯಾಂಕಿನಲ್ಲಿರಲಿ. ಮಾವನ ಆಸೆ ಅಲ್ವಾ" ಅಂದರು.

ಅಕ್ಕ ಏನೂ ಹೇಳಲಿಲ್ಲ. ಬಳೆಯನ್ನ ಒಂದು ಸುತ್ತು ತಿರುಗಿಸಿಕೊಂಡಳು, ಅಷ್ಟೇ. ನನಗೆ ತಡೆಯಲಿಲ್ಲ. ಸಿನಿಮಾದಲ್ಲಿ ತಂಗಿಯ ಬಳೆ ಅಡ ಇಟ್ಟರೆ ಮುಂದಿನ ರೀಲಿನಲ್ಲಿ ಹೀರೋ ಬಿಡಿಸಿಕೊಂಡು ಬರ್ತಾನೆ. ನಮ್ಮ ಮನೆಯಲ್ಲಿ ಹಿಂದೊಮ್ಮೆ ಹೋದ ಬಳೆ ಇನ್ನೂ ಬಂದಿಲ್ಲ. ನಾನೂ ಭಾವನೂ ಆವತ್ತು ಆಡಿದ ಮಾತು ಇಲ್ಲಿ ಬರೆಯೋಕೆ ಸೆನ್ಸಾರ್ ಒಪ್ಪೋದಿಲ್ಲ. ಎರಡು ದಿನ ಮಾತು ಬಿಟ್ಟೆವು. ಹೊಸದುರ್ಗದವರು ತಿರುಗಿ ಊರಿಗೆ ಹೋದರು. ಪಿಕ್ಚರ್ ಡಬ್ಬಕ್ಕೆ ಹೋಯಿತು ಅಂದುಕೊಂಡೆ.

ತಪ್ಪು ಅವರೊಬ್ಬರದೇ ಅಲ್ಲ. ಅಳಿಯ ಅನ್ನೋ ಪಾತ್ರವೇ ಹಾಗೆ. ಮಾವನ ಮನೆಯ ದುಡ್ಡಿನಲ್ಲಿ ಬರೀ ಊಟ ಮಾಡಿ ಬರೋದು ಅವರಿಗೂ ಇಷ್ಟ ಇರಲಿಲ್ಲ. ಏನೋ ಒಂದು ದೊಡ್ಡದು ತನ್ನ ಕೈಯಿಂದ ಆಗಬೇಕು ಅಂತ ಇತ್ತು. ಅದನ್ನ ಬಾಯಿಬಿಟ್ಟು ಹೇಳೋ ಡೈಲಾಗು ಅವರಿಗೆ ಯಾರೂ ಬರೆದುಕೊಟ್ಟಿರಲಿಲ್ಲ.

* * *

ಮುರಿದಿದ್ದನ್ನ ಕೂಡಿಸಿದವರು ದೊಡ್ಡಪ್ಪ, ಹೊಳಲ್ಕೆರೆಯಿಂದ ಒಂದೇ ಒಂದು ಫೋನಿನಲ್ಲಿ. "ರೂಮಿನ ಮಾತು ಆಮೇಲೆ ಆಡ್ರಪ್ಪ, ಮೊದಲು ದಿನ ಗೊತ್ತು ಮಾಡ್ರಿ. ನನ್ನ ಅಡಿಕೆ ಮುಗೀಬೇಕು." ನೋಡಿ, ಹನ್ನೊಂದು ಜನಕ್ಕೆ ದಿನ ಹೊಂದಿಸೋದು ದೊಡ್ಡ ನಟರ ಕಾಲ್‌ಷೀಟಿಗಿಂತ ಕಷ್ಟ. ದಸರಾ ರಜೆ ಅಂದರೆ ಮಕ್ಕಳು ಕುಣೀತಾರೆ, ಆದರೆ ದೊಡ್ಡಪ್ಪನ ತೋಟದಲ್ಲಿ ಕೊಯ್ಲು, ಸುಲಿಯೋದು, ಬೇಯಿಸೋದು. ಚಿಕ್ಕಪ್ಪನಿಗೆ ಈರುಳ್ಳಿ. ಡಿಸೆಂಬರ್ ಕೊನೆ ಅಂದರೆ ಇಡೀ ಬೆಂಗಳೂರೇ ಕಡಲಿಗೆ ಬಂದಿರುತ್ತೆ, ರೇಟು ಆಕಾಶಕ್ಕೆ. ಬೇಸಿಗೆ ರಜೆಯಲ್ಲಿ ಕರಾವಳಿಯ ಬೆವರು, ಅಪ್ಪ ಅಮ್ಮನಿಗೆ ಆಗೋದಿಲ್ಲ. ಜೂನ್ ಬಂತೋ, ಕಡಲು ಹುಚ್ಚು ಹಿಡಿದ ಹಾಗೆ. ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗೇ ನಿಷೇಧ ಇರುತ್ತೆ, ನಮ್ಮದೇನು? ಮಳೆಗಾಲದ ಗುಡ್ಡವನ್ನೂ ನಂಬೋ ಹಾಗಿಲ್ಲ. 2024ರ ಜುಲೈ 16ರಂದು ಅಂಕೋಲೆ ಹತ್ತಿರ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ಮರೆಯೋಕಾಗುತ್ತಾ?

ಕೊನೆಗೆ ಫೆಬ್ರವರಿ ಮೊದಲ ವಾರ ಅಂತ ಆಯಿತು. ಶಿವರಾತ್ರಿ ಜನಜಂಗುಳಿಗೆ ಮುಂಚೆ. ಮಕ್ಕಳ ರಜಾ ಚೀಟಿಯನ್ನ ನಾನೇ ಬರೆದುಕೊಡೋದು. ಜ್ವರ ಅಂತ ಬರೆಯಬೇಡ, ಅಪಶಕುನ ಅಂದಳು ಅಮ್ಮ. 'ತಾತನಿಗೆ ಸಮುದ್ರ ತೋರಿಸೋದಿದೆ' ಅಂತಲೇ ಬರೀತೀನಿ. ಮೇಷ್ಟರು ಸಿನಿಮಾ ನೋಡೋರಾದರೆ ಸಹಿ ಹಾಕ್ತಾರೆ.

ದಾರಿ ಹೀಗೆ. ಎಲ್ಲರೂ ಕೂಡೋದು ಹೊಳಲ್ಕೆರೆಯಲ್ಲಿ. ಅಲ್ಲಿಂದ ಚನ್ನಗಿರಿ, ಶಿವಮೊಗ್ಗ, ಸಾಗರ, ಜೋಗ, ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ, ಅಲ್ಲಿಂದ ದಕ್ಷಿಣಕ್ಕೆ ಮುರುಡೇಶ್ವರ. ದುರ್ಗದಿಂದ ಹತ್ತಿರ ಹತ್ತಿರ 300 ಕಿಲೋಮೀಟರ್. ಅಪ್ಪನಿಗೆ ರೈಲಿನ ಆಸೆ ಇತ್ತು. ಚಿಕ್ಕಜಾಜೂರಿನಲ್ಲಿ ಹತ್ತಿ, ಬೀರೂರಿನಲ್ಲಿ ಬದಲಾಯಿಸಿ ತಾಳಗುಪ್ಪದವರೆಗೆ ಹೋಗಬಹುದು. ಆದರೆ ಹಳಿ ಅಲ್ಲಿಗೇ ಮುಗೀತು, ಘಾಟಿ ಇಳಿಯೋಕೆ ಮತ್ತೆ ಬಸ್ಸೇ ಗತಿ. ಅದೂ ಅಲ್ಲದೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆಯಲ್ಲ! ಅಮ್ಮ, ಅಕ್ಕ, ಚಿಕ್ಕಮ್ಮ, ದೊಡ್ಡಮ್ಮ, ಅಕ್ಕನ ಮಗಳು, ಐದು ಟಿಕೆಟ್ಟು ಸೊನ್ನೆ. ವಿಳಾಸ ಇರೋ ಗುರುತಿನ ಚೀಟಿ ಇಟ್ಟುಕೊಂಡು ಕೆಂಪು ಬಸ್ಸಿಗೇ ಹತ್ತಬೇಕು, ರಾಜಹಂಸಕ್ಕೆ, ಸ್ಲೀಪರಿಗೆ ನಡೆಯೋದಿಲ್ಲ. ಉಳಿದ ಗಂಡಸರಲ್ಲಿ ವಯಸ್ಸಾದವರಿಗೆ ಹಿರಿಯ ನಾಗರಿಕರ ರಿಯಾಯಿತಿ. ಪೂರಾ ದುಡ್ಡು ಕೊಡೋರು ಭಾವ ಮತ್ತು ನಾನು, ಕುಟುಂಬದ ಇಬ್ಬರು ಸಾಹುಕಾರರು!

ಜೋಗದಿಂದ ಮುಂದೆ ಶರಾವತಿ ನಮ್ಮ ಜೊತೆಗೇ ಇಳಿದು ಹೊನ್ನಾವರದಲ್ಲಿ ಕಡಲು ಸೇರುತ್ತೆ. ನಮ್ಮ ವೇದಾವತಿ ಪಾಪ, ಎದುರು ದಿಕ್ಕಿಗೆ ಹೋಗಿ ತುಂಗಭದ್ರೆ, ಕೃಷ್ಣೆ ಎಲ್ಲ ಹಿಡಿದು ಆಂಧ್ರದ ಕಡಲಿಗೆ ಹೋಗಬೇಕು. ಅದೂ ಮಾರಿಕಣಿವೆಯವರು ಬಿಟ್ಟರೆ. 'ಮುಂಗಾರು ಮಳೆ' ಜೋಗವನ್ನ ಮಳೆಯಲ್ಲಿ ನೋಡಿದವರು ಫೆಬ್ರವರಿಯಲ್ಲಿ ಬಂದು ಮುಖ ಸಪ್ಪಗೆ ಮಾಡಬೇಡಿ. ನೀರೆಲ್ಲ ಲಿಂಗನಮಕ್ಕಿಯಲ್ಲಿ ಕರೆಂಟಿಗೆ ಕೂತಿರುತ್ತೆ.

* * *

ಈಗ ಹುಡುಗರಿಗೆ ಒಂದು ಮಾತು. ಇಲ್ಲಿ ತಮಾಷೆ ಇಲ್ಲ.

ನಾವು ಬಯಲುಸೀಮೆಯವರು ಈಜು ಕಲಿತದ್ದು ಬಾವಿಯಲ್ಲಿ, ಕೆರೆಯಲ್ಲಿ, ಹೆಚ್ಚೆಂದರೆ ಕಣಿವೆ ಹಿನ್ನೀರಿನಲ್ಲಿ. ಅಲ್ಲಿ ನೀರು ನಿಂತಿರುತ್ತೆ. ಮುಳುಗಿದರೆ ಕೆಳಗೆ ಹೋಗ್ತೀವಿ. ಕಡಲು ಹಾಗಲ್ಲ, ಅದು ಎಳೀತದೆ. ಅಲೆ ತಂದು ಸುರಿದ ನೀರೆಲ್ಲ ವಾಪಸು ಹೋಗಬೇಕಲ್ಲ, ಅದು ಒಂದು ಕಿರಿದಾದ ಓಣಿ ಮಾಡಿಕೊಂಡು ಜೋರಾಗಿ ಒಳಕ್ಕೆ ಹೋಗುತ್ತೆ. ಮೋಸ ಏನು ಅಂದರೆ, ಆ ಓಣಿಯಲ್ಲಿ ನೊರೆ ಕಡಿಮೆ, ಅಲೆ ಒಡೆಯೋದು ಕಡಿಮೆ. ನೋಡೋಕೆ ಅದೇ ಜಾಗ ಶಾಂತ. ನಾವು ಸರಿಯಾಗಿ ಅಲ್ಲೇ ಇಳೀತೀವಿ! ಸಿಕ್ಕಿಕೊಂಡವನು ದಡದ ಕಡೆಗೇ ಈಜೋಕೆ ನೋಡ್ತಾನೆ, ಸೋಲ್ತಾನೆ. ಎಷ್ಟು ದೊಡ್ಡ ಈಜುಗಾರ ಆದರೂ ಸೋಲ್ತಾನೆ. ಗಾಬರಿ ಆಗದೆ ಮೊದಲು ಮೇಲೆ ತೇಲಬೇಕು, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಆ ಓಣಿಯಿಂದ ಹೊರಗೆ ಬರಬೇಕು, ಆಮೇಲೆ ದಡ. ಕೈ ಎತ್ತಿ ಕೂಗಬೇಕು. ದಡದಲ್ಲಿರೋ ಗೆಳೆಯ ಹೀರೋ ಥರ ಹಾರಬಾರದು. ಹಗ್ಗವೋ, ಟ್ಯೂಬೋ, ಖಾಲಿ ಕ್ಯಾನೋ ಎಸೀಬೇಕು, ಕಾವಲಿನವರನ್ನ ಕರೀಬೇಕು. ಒಬ್ಬ ಹೋದ ಕಡೆ ಮೂವರು ಹೋಗೋದು ಹೀಗೇ.

2024ರ ಡಿಸೆಂಬರಿನಲ್ಲಿ ಇದೇ ಮುರುಡೇಶ್ವರಕ್ಕೆ ಕೋಲಾರ ಜಿಲ್ಲೆ ಮುಳಬಾಗಿಲು ತಾಲೂಕಿನ ವಸತಿ ಶಾಲೆಯ ಮಕ್ಕಳು ಪ್ರವಾಸ ಬಂದಿದ್ದರು. ನಾಲ್ಕು ಹುಡುಗಿಯರು ವಾಪಸು ಹೋಗಲಿಲ್ಲ. ಅವರ ಕೋಲಾರಕ್ಕೂ ನಮ್ಮ ದುರ್ಗಕ್ಕೂ ಏನು ವ್ಯತ್ಯಾಸ? ಅದೂ ಒಣ ಊರು, ಇದೂ ಒಣ ಊರು. ಆ ಮಕ್ಕಳೂ ಕಡಲನ್ನ ಪರದೆ ಮೇಲೆ ನೋಡಿಯೇ ಆಸೆ ಪಟ್ಟಿರಬೇಕು. ಅದಾದ ಮೇಲೆ ಕೆಲವು ದಿನ ಜನ ನೀರಿಗಿಳಿಯೋದನ್ನೇ ಜಿಲ್ಲಾಡಳಿತ ನಿಲ್ಲಿಸಿತು.

ಪಿಕ್ಚರಿನಲ್ಲಿ ಹೀರೋ ಹೀರೋಯಿನ್ ಅಲೆಯಲ್ಲಿ ಉರುಳಾಡುವಾಗ ಫ್ರೇಮಿನ ಆಚೆ ಹಗ್ಗ ಹಿಡಿದು ಜನ ನಿಂತಿರ್ತಾರೆ. ನಮಗೆ ಯಾರು ನಿಂತಿದ್ದಾರೆ? ಕೆಂಪು ಬಾವುಟ ಕಂಡರೆ ಇಳಿಯೋದಿಲ್ಲ, ಕತ್ತಲಾದ ಮೇಲೆ ಇಳಿಯೋದಿಲ್ಲ, ಕುಡಿದವನನ್ನ ಇಳಿಸೋದಿಲ್ಲ, ಮಕ್ಕಳ ಕೈ ಬಿಡೋದಿಲ್ಲ. ಇದು ನಮ್ಮ ಯೂನಿಟ್ಟಿನ ಕಾನೂನು. ಮಕ್ಕಳ ಕೈ ಹಿಡಿಯೋ ಜವಾಬ್ದಾರಿ ಭಾವನಿಗೆ. ಹೊಸದುರ್ಗಕ್ಕೆ ಹೋಗಿ ಮಂಡಿಯಲ್ಲಿ ಕೂತು ಈ ಸುದ್ದಿಯನ್ನೆಲ್ಲ ಓದಿ ಹೇಳಿದಾಗ ಅವರು ಮಗನನ್ನ ಹತ್ತಿರಕ್ಕೆ ಎಳಕೊಂಡರು. ಮಾತು ಮತ್ತೆ ಶುರುವಾಗಿದ್ದು ಅಲ್ಲಿ.

"ಸರಿ ಮಾರಾಯ, ನೀನೇ ಹೇಳು. ಎಲ್ಲಿ ಇಳಿಯೋದು?" ಅಂದರು.

ನಾನು ಯೋಚನೆ ಮಾಡಿಟ್ಟಿದ್ದನ್ನ ಹೇಳಿದೆ. ಒಂದೇ ಒಂದು ರೂಮು ಕಡಲಿಗೆ ಮುಖ ಮಾಡಿದ್ದು. ಮಂಚದ ಮೇಲೆ ಕೂತರೆ ನೀರು ಕಾಣಬೇಕು, ಮಧ್ಯರಾತ್ರಿ ಎಚ್ಚರ ಆದರೆ ಅಲೆ ಕೇಳಬೇಕು. ಅದು ಅಪ್ಪ ಅಮ್ಮನಿಗೆ, ಎರಡು ರಾತ್ರಿ. ಮಿಕ್ಕವರೆಲ್ಲ ಸಾದಾ ಲಾಡ್ಜಿನಲ್ಲಿ ಮೂರು ರೂಮು. ಅಷ್ಟು ವರ್ಷ ಕ್ಯಾಬಿನ್ ಕಿಂಡಿಯಲ್ಲಿ ನೋಡಿದವರಿಗೆ ಒಂದು ಬಾಲ್ಕನಿ. ಬಳೆ ಅಕ್ಕನ ಕೈಯಲ್ಲೇ ಇರುತ್ತೆ.

ಭಾವ ಸುಮಾರು ಹೊತ್ತು ತೆಂಗಿನಕಾಯಿ ರಾಶಿಯನ್ನೇ ನೋಡಿದರು. "ಆ ಒಂದು ರೂಮಿನ ದುಡ್ಡು ನನ್ನದು. ಚೀಟಿದು ಮುಟ್ಟಬೇಡ" ಅಂದರು. ಈ ಸೀನಿನಲ್ಲಿ ವಿಲನ್ ಹೀಗೆ ಬದಲಾಗ್ತಾನೆ ಅಂತ ನಾನು ಬರೆದಿರಲಿಲ್ಲ, ನಿಜವಾಗಿ ಹೇಳ್ತೀನಿ. ಆಮೇಲೆ ಮೆಲ್ಲಗೆ ಸೇರಿಸಿದರು: "ಗಾಲ್ಫ್ ಮೈದಾನ ಹೊರಗಿಂದಾದ್ರೂ ನೋಡಬಹುದಲ್ಲ? ಟೀ ಷರ್ಟು ತಗೊಂಡುಬಿಟ್ಟಿದೀನಿ."

ನೋಡೋಣ, ಚಿಕ್ಕಪ್ಪನೂ ಬರ್ತಾರೆ ಅಂದೆ. ಅವರಿಗೆ ನೀರಿನ ಪೈಪು ಎಷ್ಟಿಂಚಿಂದು ಅಂತ ನೋಡಬೇಕಂತೆ.

ವಾಪಸು ದುರ್ಗಕ್ಕೆ ಬಂದು ಅಪ್ಪನಿಗೆ ಎಲ್ಲ ವರದಿ ಒಪ್ಪಿಸಿದೆ. ಬೆಳಗಿನ ಜಾವ ಐದಕ್ಕೆ ಬಿಟ್ಟರೆ ಮಧ್ಯಾಹ್ನ ಮೂರೋ ನಾಲ್ಕೋ ಗಂಟೆಗೆ ತಲುಪ್ತೀವಿ, ಮಾರನೇ ದಿನ ಗೋಪುರದ ಲಿಫ್ಟಿನಲ್ಲಿ ಮೇಲೆ ಹೋದರೆ ಕಡಲೆಲ್ಲ ಕಾಣುತ್ತೆ ಅಂತೆಲ್ಲ. ಅಪ್ಪ ಹಳೇ ಕುರ್ಚಿಯಲ್ಲಿ ಕೂತು ಕೇಳಿದರು. ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ಸೂರ್ಯ ಎಷ್ಟೊತ್ತಿಗೆ ಮುಳುಗೋದು?"

"ಫೆಬ್ರವರಿಯಲ್ಲಿ ಆರೂವರೆ ಆಸುಪಾಸು, ಅಪ್ಪ."

"ಆರೂವರೆನಾ? ಫಸ್ಟ್ ಷೋ ಟೈಮು" ಅಂದರು. ಬೆರಳು ಮಡಚಿ ಏನೋ ಎಣಿಸಿಕೊಂಡರು. "ಆ ಹೊತ್ತಿಗೆ ನಾನು ಹೊರಗೆ ಇದ್ದಿದ್ದೇ ಇಲ್ಲವಲ್ಲೋ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅಮ್ಮ ಒಳಗೆ ಪಾತ್ರೆ ಸದ್ದು ನಿಲ್ಲಿಸಿದಳು.

"ಹಂಗಾದ್ರೆ ಆರು ಗಂಟೆಗೇ ಹೋಗಿ ಜಾಗ ಹಿಡೀಬೇಕು. ರಷ್ ಇರುತ್ತೆ" ಅಂದರು ಅಪ್ಪ.